ಫೈಬ್ರೊಮಯಾಲ್ಜಿಯಾ ಇದ್ದರೆ ಮಸಾಜ್ ಮಾಡಿಸಬಹುದಾ?

ಮಾಡಿಸಬಹುದು. ಆದರೆ ಎಷ್ಟು ಒತ್ತಬೇಕು ಅಂತ ಹೇಳುವವರು ಮಲಗಿರುವವರೇ ಆಗಿರಬೇಕು, ಒತ್ತುವವರಲ್ಲ. ಮೈಯೆಲ್ಲಾ ನೋಯಿಸುವ ಈ ಕಾಯಿಲೆಯ ಜೊತೆ ಇಷ್ಟು ವರ್ಷ ಬದುಕಿ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದೊಂದೇ.

ನಮ್ಮ ಕಡೆ ಮೈಕೈ ನೋವು ಅಂದ ತಕ್ಷಣ "ಚೆನ್ನಾಗಿ ಎಣ್ಣೆ ಹಾಕಿ ತಿಕ್ಕಿಸ್ಕೋ, ಎಲ್ಲಾ ಸಡಿಲ ಆಗುತ್ತೆ" ಅನ್ನುತ್ತಾರೆ. ದಿನವಿಡೀ ದುಡಿದು ಮೈ ಹಿಡಿದುಕೊಂಡವರಿಗೆ ಆ ಮಾತು ಸರಿ. ನಮ್ಮದು ಆ ನೋವಲ್ಲ. ಇಲ್ಲಿ ಸ್ನಾಯುವಿಗೆ ಪೆಟ್ಟಾಗಿರುವುದಿಲ್ಲ, ಊತ ಇರುವುದಿಲ್ಲ, ರಕ್ತಪರೀಕ್ಷೆ ಮಾಡಿಸಿದರೆ ಎಲ್ಲಾ ನಾರ್ಮಲ್. ಹಾಗಂತ ನೋವು ಸುಳ್ಳಲ್ಲ. ಮಿದುಳು, ಬೆನ್ನುಹುರಿ ಸೇರಿ ನೋವಿನ ಸುದ್ದಿಯನ್ನು ಜಾಸ್ತಿ ಮಾಡಿಬಿಡುತ್ತವೆ. ಬೇರೆಯವರಿಗೆ ಸುಮ್ನೆ ಒತ್ತಿದ ಹಾಗೆ ಅನಿಸುವುದು ನಮಗೆ ನೋವಾಗಿಯೇ ಮುಟ್ಟುತ್ತದೆ.

1990ರಲ್ಲಿ ಅಮೆರಿಕದ ರುಮಟಾಲಜಿ (ಕೀಲು, ಸ್ನಾಯು ನೋವಿನ ಕಾಯಿಲೆಗಳ) ವೈದ್ಯರ ಸಂಸ್ಥೆ ಒಂದು ನಿಯಮ ಮಾಡಿತ್ತು. ಮೈಮೇಲಿನ 18 ಜಾಗಗಳನ್ನು ಸುಮಾರು 4 ಕಿಲೋ ಬಲದಲ್ಲಿ ಒತ್ತುವುದು, ಕಡಿಮೆ ಅಂದರೂ 11 ಕಡೆ ನೋವಾದರೆ ಈ ಕಾಯಿಲೆ ಇರಬಹುದು ಅನ್ನುವುದು. 2010ರಲ್ಲಿ ಆ ಒತ್ತುವ ಪರೀಕ್ಷೆ ಬಿಟ್ಟು ನೋವಿನ ಹರವು, ಸುಸ್ತು, ನಿದ್ದೆ, ಮಂಕು ಕವಿಯುವುದು ಇವನ್ನೆಲ್ಲ ಲೆಕ್ಕಕ್ಕೆ ತಂದರು. ನಾನು ಹಳೆಯ ನಿಯಮವನ್ನು ನೆನಪಿಸುವುದು ಆ 4 ಕಿಲೋಗಾಗಿ. ಜೋರಾಗಿ ಮಸಾಜ್ ಮಾಡುವವರ ಹೆಬ್ಬೆರಳು ಅಷ್ಟು ಬಲವನ್ನು ಸಲೀಸಾಗಿ ಹಾಕುತ್ತದೆ, ಅಂದರೆ ಕಾಯಿಲೆ ಪತ್ತೆ ಮಾಡಲು ನೋಯಿಸುತ್ತಿದ್ದಷ್ಟೇ ಬಲವನ್ನು ಚಿಕಿತ್ಸೆ ಅಂತ ಮೈತುಂಬಾ ಹಾಕಿದಂತಾಯಿತು ಅಲ್ವಾ?

ನನಗೆ ಒಗ್ಗಿದ್ದು ಮಯೋಫೇಶಿಯಲ್ ರಿಲೀಸ್. ಫಿಸಿಯೋಥೆರಪಿಸ್ಟ್ ಅಂಗೈಯನ್ನು ಭುಜದ ಮೇಲೋ ಸೊಂಟದ ಮೇಲೋ ಇಟ್ಟು, ತಿಕ್ಕದೆ, ನಿಧಾನವಾಗಿ ಎಳೆದು ಹಾಗೇ ಹಿಡಿದಿರುತ್ತಾರೆ. ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ, ಆಮೇಲೆ ಬಿಗಿದುಕೊಂಡಿದ್ದ ಜಾಗ ತಾನಾಗಿ ಸಡಿಲವಾಗುತ್ತದೆ, ಉಸಿರೂ ಉದ್ದವಾಗುತ್ತದೆ. ಲಿಂಫ್ ಡ್ರೈನೇಜ್ (ಚರ್ಮದಡಿಯ ದುಗ್ಧರಸ ಹರಿಯಲಿ ಅಂತ ಮಾಡುವ ಮಸಾಜ್) ಅನ್ನುವುದು ಇದಕ್ಕಿಂತ ಹಗುರ, ಅದರಲ್ಲಿ ಚರ್ಮವನ್ನಷ್ಟೇ ಮೆಲ್ಲಗೆ ಸರಿಸುತ್ತಾರೆ. ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹಾಕಿಕೊಳ್ಳುವುದೂ ನನಗೆ ಹಿತ. ಆಯುರ್ವೇದ ಕೇಂದ್ರಕ್ಕೆ ಅಭ್ಯಂಗಕ್ಕೆ ಹೋಗುವವರು ಮಲಗುವ ಮೊದಲೇ "ಎಣ್ಣೆ ಹಚ್ಚಿ ಸಾಕು, ಒತ್ತಬೇಡಿ" ಅಂತ ಹೇಳಿಬಿಡಿ. ಮಲಗಿದ ಮೇಲೆ ಸಂಕೋಚಕ್ಕೆ ಬಾಯಿ ಬರುವುದಿಲ್ಲ.

"ಸ್ವಲ್ಪ ತಡ್ಕೊಳ್ಳಿ ಮೇಡಂ, ನೋವಾದ್ರೇನೇ ವಾಸಿ ಆಗೋದು" ಅಂತ ಒಂದು ಕಡೆ ನನಗೆ ಹೇಳಿದರು. ಎರಡು ದಿನ ಎದ್ದು ಓಡಾಡಲು ಆಗಲಿಲ್ಲ. ಹಾಗೆ ಹೇಳುವವರ ಕೈಗೆ ದಯವಿಟ್ಟು ಮೈ ಕೊಡಬೇಡಿ, ಅರ್ಧದಲ್ಲಿ ಎದ್ದು ಬಂದರೂ ಪರವಾಗಿಲ್ಲ. ಕತ್ತನ್ನು ಲಟಕ್ಕೆಂದು ತಿರುಗಿಸುವವರಿಂದಲೂ ದೂರ ಇರಿ.

ಮಸಾಜ್‌ನಿಂದ ಕಾಯಿಲೆ ಹೋಗುತ್ತಾ? ಇಲ್ಲ. 2014ರಲ್ಲಿ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, 5 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮಸಾಜ್ ಪಡೆದವರಲ್ಲಿ ನೋವು, ಆತಂಕ ಕಡಿಮೆಯಾಗಿದ್ದು ಕಂಡಿತು. ಆದರೆ ಅದು ಚಿಕಿತ್ಸೆ ಮುಗಿದ ಹೊತ್ತಿಗೆ ಸಿಕ್ಕ ಲಾಭ. ಯುರೋಪಿನ ರುಮಟಾಲಜಿ ಒಕ್ಕೂಟ 2017ರ ಸಲಹೆಗಳಲ್ಲಿ ಬಲವಾಗಿ ಹೇಳಿದ್ದು ವ್ಯಾಯಾಮ ಒಂದನ್ನೇ, ಮಸಾಜನ್ನು ಶಿಫಾರಸು ಮಾಡಲಿಲ್ಲ. ಅದನ್ನು ಓದಿ ನನಗೆ ಬೇಜಾರಾಗಲಿಲ್ಲ. ಮೈ ಸಡಿಲವಾದ ದಿನ ನಾನು ಪಾರ್ಕಿನಲ್ಲಿ ಎರಡು ಸುತ್ತು ಜಾಸ್ತಿ ನಡೆಯುತ್ತೇನೆ, ರಾತ್ರಿ ನಿದ್ದೆಯೂ ಬರುತ್ತದೆ. ಅದಕ್ಕಾಗಿಯೇ ನಾನು ಹೋಗುವುದು.

ಶುರು ಮಾಡುವವರು ಮೊದಲ ಸಲ ಹದಿನೈದಿಪ್ಪತ್ತು ನಿಮಿಷ ಸಾಕು ಅನ್ನಿ. ಬರೀ ಬೆನ್ನು, ಇಲ್ಲವೇ ಬರೀ ಕೈಕಾಲು. ಆಮೇಲೆ ಒಂದೆರಡು ದಿನ ಕಾದು ನೋಡಿ. ಮರುದಿನ ನೋವು ಏರಿದ್ದರೆ ಆ ಒತ್ತಡ ಜಾಸ್ತಿಯಾಯಿತು ಅಂತ ಅರ್ಥ, ಮುಂದಿನ ಸಲ ಇನ್ನೂ ಹಗುರ ಮಾಡಿಸಿ. ಪ್ರತಿ ವಾರ ದುಡ್ಡು ಕೊಡುವುದು ಎಲ್ಲರಿಗೂ ಆಗುವ ಮಾತಲ್ಲ. ಫಿಸಿಯೋ ಹತ್ತಿರ ಹೋಗುವಾಗ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ, ಕೈ ಎಲ್ಲಿ ಇಡಬೇಕು, ಎಷ್ಟು ಹೊತ್ತು ಹಿಡಿಯಬೇಕು ಅಂತ ಅವರಿಗೇ ಕಲಿಸಿಕೊಡಲು ಕೇಳಿ.