ಬ್ರಹ್ಮಗಿರಿಯ ಮಳೆಕಾಡಿಗೆ ಹೊರಡುವ ಮುನ್ನ

ನಾಗರಹೊಳೆಯ ಸಫಾರಿ ಮುಗಿಸಿದವರು ಅದೇ ಲೆಕ್ಕದಲ್ಲಿ ಬ್ರಹ್ಮಗಿರಿಗೆ ಹೊರಟರೆ ಬೇಸರಪಟ್ಟು ಮರಳುತ್ತಾರೆ. ದಕ್ಷಿಣ ಕೊಡಗಿನ ಕುಟ್ಟದಿಂದ ಎರಡೂ ಹತ್ತಿರವೇ. ಆದರೆ ನಾಗರಹೊಳೆಯದು ಬಹುಪಾಲು ಎಲೆ ಉದುರುವ ಕಾಡು, ಬೇಸಿಗೆಯಲ್ಲಿ ಜೀಪಿನಲ್ಲಿ ಕೂತೇ ದೂರದವರೆಗೆ ನೋಡಬಹುದು. ಬ್ರಹ್ಮಗಿರಿಯ ಕಣಿವೆಗಳು ವರ್ಷವಿಡೀ ಹಸಿರು. ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳುವುದು ಅಲ್ಲಲ್ಲಿ ಕಾಸಿನಷ್ಟಗಲ. ಹತ್ತು ಮಾರು ಆಚೆ ಆನೆ ನಿಂತಿದ್ದರೂ ಕಾಣದು. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು, ಯೋಜನೆಯನ್ನೂ ಹಾಗೆಯೇ ಹಾಕಿಕೊಳ್ಳಿ.

ಮೊದಲ ಸಲ ನಾವು ಎಡವಿದ್ದು ಅನುಮತಿಯಲ್ಲಿ. ಯಾರೋ "ಅಲ್ಲೇ ಹೋಗಿ ಕೇಳಿ, ಬಿಡ್ತಾರೆ" ಅಂದದ್ದನ್ನು ನಂಬಿದೆವು. ಬಿಡಲಿಲ್ಲ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ನಾಲ್ವರೂ ಇರ್ಪು ಜಲಪಾತ ನೋಡಿ ವಾಪಸಾದೆವು. ಬ್ರಹ್ಮಗಿರಿ 1974ರಲ್ಲಿ ಘೋಷಣೆಯಾದ, 181 ಚದರ ಕಿಲೋಮೀಟರಿನ ವನ್ಯಜೀವಿಧಾಮ. ಅರಣ್ಯ ಇಲಾಖೆಯಲ್ಲಿ ಮುಂಗಡ ಬುಕ್ ಮಾಡಿ, ಗೈಡ್ ಜೊತೆಯಲ್ಲೇ ನಡೆಯಬೇಕು. ಮಳೆಗಾಲದಲ್ಲಿ ಮತ್ತು ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲಿ ದಾರಿ ಮುಚ್ಚುವುದುಂಟು. ಆದ್ದರಿಂದ ಬುಕಿಂಗ್ ಖಚಿತವಾದ ಮೇಲೆಯೇ ಆಫೀಸಿಗೆ ರಜೆ ಹಾಕಿ. ತಿಂಗಳು ಯಾವುದು ಅಂದರೆ, ನವೆಂಬರ್ ಕೊನೆಯಿಂದ ಜನವರಿವರೆಗೆ ಅನ್ನುತ್ತೇನೆ. ಎರಡನೆಯ ಸಲ ನಾವು ಹೋದದ್ದು ಡಿಸೆಂಬರಿನಲ್ಲಿ.

ಕೊಡಗಿಗೆ ರೈಲಿಲ್ಲ. ಮೈಸೂರು, ಹುಣಸೂರು, ಗೋಣಿಕೊಪ್ಪ, ಶ್ರೀಮಂಗಲ ದಾರಿಯಾಗಿ ಬನ್ನಿ. ಹಣ, ಪೆಟ್ರೋಲು, ಔಷಧಿ ಎಲ್ಲವನ್ನೂ ಗೋಣಿಕೊಪ್ಪದಲ್ಲೇ ಮುಗಿಸಿಕೊಳ್ಳಿ.

ಉಳಿಯುವುದಕ್ಕೆ ಕುಟ್ಟ, ಶ್ರೀಮಂಗಲದ ಸುತ್ತ ಹೋಂಸ್ಟೇಗಳಿವೆ. ಒಂದು ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಕಾಫಿ ತೋಟದಲ್ಲೂ ಆನೆ ಇರುತ್ತದೆ. ಮುಂಜಾನೆ ಮಂಜಿನಲ್ಲಿ ಹಕ್ಕಿ ನೋಡಲೆಂದು ಒಬ್ಬರೇ ತೋಟದೊಳಗೆ ಇಳಿಯಬೇಡಿ. "ಇವತ್ತು ಕೆರೆ ಕಡೆ ಹೋಗ್ಬೇಡಿ, ರಾತ್ರಿ ಬಂದಿತ್ತು" ಎಂದು ಮನೆಯ ಅಕ್ಕ ನಮಗೆ ಹೇಳಿದರು. ಅಂಥ ಮಾತಿಗೆ ಎದುರು ಪ್ರಶ್ನೆ ಬೇಡ. ತೋಟದ ಕೆಲಸಕ್ಕೆ ಬರುವವರು ದಿನವೂ ಈ ಅಪಾಯದ ನಡುವೆಯೇ ನಡೆದು ಬರುತ್ತಾರೆ.

ದಾರಿ ಶುರುವಾಗುವುದು ಇರ್ಪಿನ ರಾಮೇಶ್ವರ ದೇವಸ್ಥಾನದ ಬಳಿ, ಲಕ್ಷ್ಮಣತೀರ್ಥ ಹೊಳೆಯ ಪಕ್ಕದಲ್ಲಿ. ನರಿಮಲೆಯ ಕ್ಯಾಂಪ್‌ವರೆಗೆ ಹೆಚ್ಚಿನದು ದಟ್ಟ ಕಾಡು, ಆಮೇಲೆ ಶೋಲಾ, ಅಂದರೆ ಬೆಟ್ಟದ ಮಡಿಲುಗಳ ಗಿಡ್ಡ ಕಾಡು, ಮತ್ತು ಹುಲ್ಲುಗಾವಲು, ಕೊನೆಗೆ 1608 ಮೀಟರ್ ಎತ್ತರದ ಶಿಖರ. ಒಂದು ಕಡೆಗೆ ಸುಮಾರು 9 ಕಿಲೋಮೀಟರ್. ಹೆಚ್ಚಿನವರು ಶಿಖರದ ಧಾವಂತದಲ್ಲಿ ಕೆಳಗಿನ ಕಾಡನ್ನು ಓಡುತ್ತಾ ದಾಟಿಬಿಡುತ್ತಾರೆ. ಇರುವುದೆಲ್ಲ ಅಲ್ಲೇ!

ನಮ್ಮ ಗೈಡ್ ಏರಿನ ನಡುವೆ ನಿಂತು, "ಸಾರ್, ಹತ್ತು ನಿಮಿಷ ಮಾತು ಬೇಡ, ಕೂತ್ಕೊಳ್ಳಿ" ಅಂದರು. ಕೂತೆವು. ಮೊದಲು ಜೀರುಂಡೆಯ ಸದ್ದು ಬಿಟ್ಟು ಏನಿಲ್ಲ. ಆಮೇಲೆ ತಲೆಯ ಮೇಲೆ ಯಾರೋ ದೊಡ್ಡ ಬೀಸಣಿಗೆ ಬೀಸಿದಂತೆ ಬುಸ್ ಬುಸ್ ಸದ್ದು, ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ರೆಕ್ಕೆಯದು. ಕಣಿವೆಯಾಚೆ 'ಹೂ ಹೂ' ಎಂದು ಕೂಗಿದ್ದು ಕರಿಮುಸುವ, ಅಂದರೆ ನೀಲಗಿರಿ ಲಂಗೂರ್. ಪಶ್ಚಿಮಘಟ್ಟದಲ್ಲಷ್ಟೇ ಬದುಕುವ ಈ ಕೋತಿಯ ನೆಲೆಗೆ ಉತ್ತರದ ಅಂಚು ಕೊಡಗು. ಅದರ ಕೂಗು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಸಿಂಗಳೀಕವೂ ಈ ಸೀಮೆಯಲ್ಲಿದೆ, ನಮಗೆ ಸಿಗಲಿಲ್ಲ. ನೀವು ಹೋದಾಗ ಹಣ್ಣು ಬಿಟ್ಟ ಗೋಳಿಮರ ಎಲ್ಲಿದೆ ಎಂದು ಗೈಡನ್ನು ಮೊದಲೇ ಕೇಳಿ. ಅದರ ಕೆಳಗೆ ಒಂದು ಗಂಟೆ ಕೂತರೆ ಐದು ಕಿಲೋಮೀಟರ್ ನಡೆದದ್ದಕ್ಕಿಂತ ಹೆಚ್ಚು ಸಿಗುತ್ತದೆ.

ಜಿಗಣೆ ಡಿಸೆಂಬರಿನಲ್ಲೂ ಹಳ್ಳದ ಬದಿಯಲ್ಲಿತ್ತು. ಜಿಗಣೆ ಸಾಕ್ಸ್ ಹಾಕಿ, ಉಪ್ಪಿನ ಗಂಟು ಇಟ್ಟುಕೊಳ್ಳಿ, ಕಚ್ಚಿದ್ದನ್ನು ಕಿತ್ತೆಳೆಯಬೇಡಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಒಸರುತ್ತದೆ, ಹೆದರಬೇಕಿಲ್ಲ. ಬಟ್ಟೆ ಮಂಕು ಬಣ್ಣದ್ದಿರಲಿ. ದುಬಾರಿ ಕ್ಯಾಮೆರಾಗಿಂತ ಬೈನಾಕ್ಯುಲರ್ ಒಳ್ಳೆಯದು. ಸ್ಪೀಕರಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದು ದಯವಿಟ್ಟು ಬೇಡ.

ನಾವು ಶಿಖರ ಮುಟ್ಟಲಿಲ್ಲ. ಹುಲ್ಲುಗಾವಲಿನ ಅಂಚಿನವರೆಗೆ ಹೋಗಿ ತಿರುಗಿದೆವು. ಇಳಿಯುವಾಗ, ಬೆಳಿಗ್ಗೆ ಕಂಡ ಕೆಂದಳಿಲು (ದೊಡ್ಡ ಕಾಡಳಿಲು) ಅದೇ ಕೊಂಬೆಯಲ್ಲಿ ಬಾಲ ಇಳಿಬಿಟ್ಟು ಇನ್ನೂ ತಿನ್ನುತ್ತಿತ್ತು. ಗೈಡ್ ಮತ್ತೆ ಕೂರಲು ಸನ್ನೆ ಮಾಡಿದರು.