‘ಹೇಗೆ ತಡ್ಕೊಂಡಿದ್ದೀರಿ ಅಕ್ಕ?’ ಅಂತ ಕೇಳುವವರಿಗೆ

ನನ್ನ ಹೊಲಿಗೆ ಮೆಷಿನ್ ಇರುವುದು ಮುಂಬಾಗಿಲ ಪಕ್ಕದ ಕೋಣೆಯಲ್ಲಿ. ಬ್ಲೌಸ್ ಕೊಡಲು ಬಂದವರು ಕವರಿನಿಂದ ಅಳತೆ ಬ್ಲೌಸ್ ತೆಗೆಯುತ್ತಾ, ಒಳಗೆ ಮಂಚದ ಮೇಲೆ ಮಲಗಿರುವ ನಮ್ಮವರನ್ನು ಒಂದು ಸಲ ನೋಡುತ್ತಾರೆ. ಆಮೇಲೆ ದನಿ ತಗ್ಗಿಸುತ್ತಾರೆ. “ದೇವರನ್ನ ಇಷ್ಟೊಂದು ನಂಬ್ತೀರಲ್ಲ ಅಕ್ಕ, ನಿಮಗೇ ಯಾಕೆ ಹಿಂಗಾಯ್ತು? ಹೇಗೆ ತಡ್ಕೊಂಡಿದ್ದೀರಿ?”

ಹಿಂದೂಗಳು ಕೇಳುತ್ತಾರೆ, ಮುಸ್ಲಿಮರು ಕೇಳುತ್ತಾರೆ. ನಮ್ಮ ಚರ್ಚಿನವರು ಇನ್ನೂ ಜಾಸ್ತಿ ಕೇಳುತ್ತಾರೆ. ಕೈಯಲ್ಲಿ ಕತ್ತರಿ ಹಿಡಿದು ಕೊಡುವ ಉತ್ತರ ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಇದರಲ್ಲಿ ಎರಡು ಪ್ರಶ್ನೆ ಇವೆ. ‘ನಮಗೇ ಯಾಕೆ’ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹುಟ್ಟು ಕುರುಡನೊಬ್ಬನನ್ನು ತೋರಿಸಿ ಯೇಸುವಿನ ಶಿಷ್ಯರೂ ಇದನ್ನೇ ಕೇಳಿದ್ದರು. ಪಾಪ ಮಾಡಿದವರು ಯಾರು, ಇವನಾ, ಇವನ ಅಪ್ಪ ಅಮ್ಮನಾ ಅಂತ. ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸು. ನನಗೆ ಅಷ್ಟು ಸಾಕು. ಯಾರ ತಪ್ಪಿನ ಲೆಕ್ಕವೂ ಇದಲ್ಲ ಅಂತ ಗೊತ್ತಾದ ಮೇಲೆ ಎದೆಯ ಮೇಲಿನ ಒಂದು ಕಲ್ಲು ಇಳಿಯಿತು.

‘ಹೇಗೆ’ ಅನ್ನುವುದಕ್ಕೆ ಮಾತ್ರ ಹೇಳುವುದು ಬಹಳ ಇದೆ.

ನಮ್ಮವರು ಗೂಡ್ಸ್ ಆಟೋ ಓಡಿಸುತ್ತಿದ್ದರು. ಮದ್ದೂರು ಮಾರುಕಟ್ಟೆಯಿಂದ ಎಳನೀರು ತುಂಬಿಕೊಂಡು ಬೆಳಗಿನ ಜಾವ ಮೈಸೂರಿಗೆ ಬರುವುದು ಅವರ ಕೆಲಸ. ಮನೆಗೆ ಬರುವಾಗ ನನಗೆ ಅಂತ ಒಂದು ಗಂಜಿ ಎಳನೀರು ತಪ್ಪದೆ ತರುತ್ತಿದ್ದರು. ಶುಗರ್ ಇತ್ತು, ಬಿಪಿಯೂ ಇತ್ತು. ಎರಡನ್ನೂ ಸರಿಯಾಗಿ ನೋಡಿಕೊಳ್ಳಲಿಲ್ಲ. 2023ರಲ್ಲಿ, ಮಳೆ ಕೈಕೊಟ್ಟ ಆ ವರ್ಷ, ಕಾಲು ಊದಿಕೊಂಡಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡೂ ಕಿಡ್ನಿ ಕೈಬಿಟ್ಟಿದ್ದವು. ಅಲ್ಲಿಂದ ಇಲ್ಲಿಯವರೆಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಅಂದರೆ ಮೆಷಿನ್ನಿನಿಂದ ರಕ್ತ ಶುದ್ಧ ಮಾಡಿಸುವುದು. ಮಂಗಳವಾರ, ಗುರುವಾರ, ಶನಿವಾರ. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಬಡವರಿಗೆ ಪುಕ್ಕಟೆಯಾಗಿ ಡಯಾಲಿಸಿಸ್ ಮಾಡುವ ಯೋಜನೆ ದೇಶದಲ್ಲಿ 2016ರಿಂದ ಇದೆ. ಅದಿಲ್ಲದಿದ್ದರೆ ನನ್ನ ಹೊಲಿಗೆಯ ದುಡ್ಡಿನಲ್ಲಿ ಇದೆಲ್ಲ ಆಗುವ ಮಾತೇ ಅಲ್ಲ.

ಕಾಯಿಲೆಗಿಂತ ಕಷ್ಟ ನೀರಿನದು. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ಜಾಸ್ತಿಯಾದರೆ ಶ್ವಾಸಕೋಶಕ್ಕೆ ತುಂಬುತ್ತದೆ. ಇವರಿಗೆ ಡಾಕ್ಟರ್ ಕೊಟ್ಟ ಲೆಕ್ಕ ದಿನಕ್ಕೆ ಒಂದು ಲೀಟರ್. ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ನೀರು, ಎಲ್ಲವೂ ಅದರೊಳಗೇ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೀಟರ್ ಬಾಟಲಿಗೆ ನೀರು ತುಂಬಿ ಇಡುತ್ತೇನೆ. ಒಂದು ಲೋಟ ಕಾಫಿ ಕೊಟ್ಟರೆ ಬಾಟಲಿಯಿಂದ ಒಂದು ಲೋಟ ನೀರು ಗಿಡಕ್ಕೆ ಚೆಲ್ಲುತ್ತೇನೆ. ಬಾಟಲಿಯಲ್ಲಿ ಎಷ್ಟು ಉಳಿದಿದೆಯೋ ಅವರ ದಿನ ಅಷ್ಟು ಉಳಿದಿದೆ.

ಅಡುಗೆಯೂ ಬದಲಾಯಿತು. ಸೊಪ್ಪು, ತರಕಾರಿಯಲ್ಲಿರುವ ಪೊಟ್ಯಾಸಿಯಂ ಇವರ ಹೃದಯಕ್ಕೆ ಅಪಾಯ. ಬೇಯಿಸಿ, ನೀರು ಬಸಿದು, ಆ ನೀರನ್ನು ಚೆಲ್ಲಬೇಕು. ಮಂಡ್ಯ ಕಡೆಯ ಮನೆಗಳಲ್ಲಿ ಆ ಬಸಿದ ಕಟ್ಟಿನಲ್ಲೇ ಅಲ್ವಾ ಬಸ್ಸಾರು ಮಾಡುವುದು? ನಮ್ಮ ಅತ್ತೆ ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯವರು. ನಾನು ಮೊದಲ ಸಲ ಕಟ್ಟನ್ನು ಮೋರಿಗೆ ಸುರಿದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿದರು. ಎಳನೀರೂ ಇಲ್ಲ, ಅದರಲ್ಲೂ ಪೊಟ್ಯಾಸಿಯಂ ತುಂಬಾ. ಲೋಡುಗಟ್ಟಲೆ ಎಳನೀರು ಹೊತ್ತ ಮನುಷ್ಯನಿಗೆ ಒಂದು ಗುಟುಕು ಇಲ್ಲ. 2024ರ ಜುಲೈನಲ್ಲಿ ಕೆಆರ್‌ಎಸ್ ತುಂಬಿದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಗೇಟುಗಳಿಂದ ನೀರು ಬೋರ್ಗರೆಯುವುದನ್ನು ಇವರು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಬಾಟಲಿಯಲ್ಲಿ ಎಷ್ಟಿದೆ?” ಅಂದರು.

ಆ ರಾತ್ರಿ ಪ್ರಾರ್ಥನೆಗೆ ಕೂತಾಗ ಜಪಸರ ಕೈಯಲ್ಲಿತ್ತು, ಮಂತ್ರ ಬಾಯಿಗೆ ಬರಲಿಲ್ಲ. ಸಿಟ್ಟು ಬಂದಿತ್ತು. ದೇವರ ಮೇಲೇ ಬಂದಿತ್ತು. ಬೈಬಲಿನ ಕೀರ್ತನೆಗಳನ್ನು ತೆಗೆದೆ. 13ನೆಯ ಕೀರ್ತನೆ ‘ಇನ್ನೂ ಎಷ್ಟು ದಿನ ದೇವರೇ’ ಅಂತ ಒಂದಲ್ಲ, ನಾಲ್ಕು ಸಲ ಕೇಳುತ್ತದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಇಂಥ ಗೋಳೇ. ಚಿಕ್ಕಂದಿನಿಂದ ಪೂಜೆಯಲ್ಲಿ ಹಾಡಿದ್ದೆ, ಕೇಳಿದ್ದೆ. ಆದರೆ ಇವನ್ನೂ ಪ್ರಾರ್ಥನೆ ಅಂತಲೇ ಸೇರಿಸಿದ್ದಾರೆ ಅನ್ನುವುದು ಅವತ್ತು ಹೊಳೆಯಿತು. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಮಾತನ್ನೇ, ‘ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ’ ಅಂತ. ನಾನೂ ಅವತ್ತು ಕೂಗಾಡಿದೆ. ದೇವರ ಹತ್ತಿರ ನಾಟಕ ಆಡಬೇಕಾಗಿಲ್ಲ ಅನ್ನುವುದು ಎಷ್ಟು ದೊಡ್ಡ ಬಿಡುಗಡೆ ಅಂತ ಅನುಭವಿಸಿದವರಿಗೇ ಗೊತ್ತು.

ಇಲ್ಲೊಂದು ಮಾತು ಹೇಳಲೇಬೇಕು. ಮನೆಗೆ ಪ್ರಾರ್ಥನೆ ಮಾಡಲು ಬಂದ ಒಬ್ಬರು, “ನಿಮ್ಮ ನಂಬಿಕೆ ಸಾಲದು, ಡಯಾಲಿಸಿಸ್ ನಿಲ್ಲಿಸಿ ಉಪವಾಸ ಪ್ರಾರ್ಥನೆ ಮಾಡಿ, ಗುಣವಾಗುತ್ತದೆ” ಅಂದರು. ಎರಡು ರಾತ್ರಿ ನನಗೆ ನಿದ್ದೆ ಇರಲಿಲ್ಲ. ಇಂಥ ಮಾತು ಕೇಳಿ ಒಂದು ವಾರ ಡಯಾಲಿಸಿಸ್ ಬಿಟ್ಟರೂ ಜೀವ ಹೋಗಬಹುದು. ದಯವಿಟ್ಟು ಯಾರೂ ಕೇಳಬೇಡಿ. ಯೇಸುವಿನ ಕಥೆಯನ್ನು, ಅಂದರೆ ಸುವಾರ್ತೆಯನ್ನು, ಬರೆದ ಲೂಕನನ್ನು ಸಂತ ಪೌಲ ‘ಪ್ರಿಯ ವೈದ್ಯ’ ಅಂತ ಕರೆಯುತ್ತಾನೆ. ಆಸ್ಪತ್ರೆಯ ಮೆಷಿನ್ನನ್ನೂ ಸೂಜಿ ಚುಚ್ಚುವ ಆ ಹುಡುಗಿಯ ಕೈಯನ್ನೂ ನಾನು ದೇವರ ಕೊಡುಗೆ ಅಂತಲೇ ನಂಬಿದ್ದೇನೆ. ಪ್ರತಿ ಸಲ ಅವಳು ಸೂಜಿ ಚುಚ್ಚುವಾಗ ಅವಳಿಗಾಗಿ ಒಂದು ನಮೋ ಮರಿಯಾ ಪ್ರಾರ್ಥನೆ ಹೇಳುತ್ತೇನೆ.

ಇನ್ನು ನನ್ನ ಉತ್ತರದ ಮುಖ್ಯ ಭಾಗಕ್ಕೆ ಬರುತ್ತೇನೆ. ಅದು ಮನ್ನದ ಕಥೆ. ಬೈಬಲಿನ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ತಿನ್ನಲು ಏನೂ ಇಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದ ತುಂಬ ಸಣ್ಣ ಸಣ್ಣ ಹರಳಿನಂತೆ ಏನೋ ಬಿದ್ದಿರುತ್ತದೆ. ‘ಇದೇನು?’ ಅನ್ನುತ್ತಾರೆ. ಆ ಮಾತಿನಿಂದಲೇ ಅದಕ್ಕೆ ಮನ್ನ ಅಂತ ಹೆಸರು ಬಂತು. ತಲೆಗೊಂದು ಓಮೆರ್, ಅಂದರೆ ಹೆಚ್ಚುಕಡಿಮೆ ಎರಡು ಸೇರಿನಷ್ಟು, ಆ ದಿನಕ್ಕೆ ಮಾತ್ರ ಕೂಡಿಸಿಕೊಳ್ಳಬೇಕು. ನಾಳೆಗೆ ಇರಲಿ ಅಂತ ಎತ್ತಿಟ್ಟವರ ಮನ್ನ ಹುಳ ಬಿದ್ದು ನಾರಿತು. ಹೀಗೆ 40 ವರ್ಷ.

ಚಿಕ್ಕವಳಿದ್ದಾಗ ಧರ್ಮೋಪದೇಶದ ಕ್ಲಾಸಿನಲ್ಲಿ ಈ ಕಥೆ ಕೇಳಿ, ದೇವರು ಯಾಕೆ ಒಂದೇ ಸಲ ಮೂಟೆ ಮೂಟೆ ಕೊಡಲಿಲ್ಲ ಅಂತ ಅನಿಸುತ್ತಿತ್ತು. ಈಗ ಗೊತ್ತಾಗುತ್ತದೆ. ಮೊದಲ ವರ್ಷ ನಾನು ಮುಂದಿನ ಹತ್ತು ವರ್ಷಗಳನ್ನು ಒಂದೇ ರಾತ್ರಿಯಲ್ಲಿ ಬದುಕುತ್ತಿದ್ದೆ. ಇವರಿಗೆ ಏನಾದರೂ ಆದರೆ? ಮಗಳ ಓದು? ಬಾಡಿಗೆ? ನನ್ನ ಕಣ್ಣು ಮಂಜಾದರೆ ಹೊಲಿಗೆ ಹೇಗೆ? ಹೊತ್ತಿಗೆ ಮುಂಚೆಯೇ ಕೂಡಿಟ್ಟ ಆ ಚಿಂತೆಯೆಲ್ಲ ಬೆಳಗಾಗುವಷ್ಟರಲ್ಲಿ ಹುಳ ಬಿದ್ದಿರುತ್ತಿತ್ತು. ಮೈ ಕೈ ಏಳುತ್ತಿರಲಿಲ್ಲ. ದಿನಾ ಹೇಳುವ ಪರಲೋಕ ಮಂತ್ರದಲ್ಲಿ ಯೇಸು ಕೇಳಲು ಕಲಿಸಿದ್ದು ಅನುದಿನದ ಆಹಾರ. ಒಂದು ದಿನದ್ದು. ಹಾಗಾಗಿ ನಾನೂ ಒಂದು ದಿನದ ಶಕ್ತಿ ಮಾತ್ರ ಕೇಳಲು ಶುರು ಮಾಡಿದೆ. ಸೋಮವಾರ ಬೆಳಿಗ್ಗೆ ಸೋಮವಾರದ್ದು. ಸೋಮವಾರ ಯಾಕೆ ಅಂದರೆ, ಶನಿವಾರದ ಡಯಾಲಿಸಿಸ್ ಆದ ಮೇಲೆ ಮಂಗಳವಾರದವರೆಗೆ ನಡುವೆ ಎರಡು ದಿನ ಬಿಡುವು. ಸೋಮವಾರದ ಹೊತ್ತಿಗೆ ಮೈಯಲ್ಲಿ ನೀರು ಸೇರಿ ಇವರಿಗೆ ಅತಿ ಕಷ್ಟ. ನನಗೂ ಅಷ್ಟೇ.

ಆ ಶಕ್ತಿ ಬರುತ್ತದಾ? ಬರುತ್ತದೆ. ಇಂದು ಬೆಳಿಗ್ಗೆ ಬಂದಿದ್ದನ್ನು ಹೇಳುತ್ತೇನೆ. ಇವರ ಎಡಗೈಯಲ್ಲಿ ಫಿಸ್ಟುಲಾ ಇದೆ, ಡಯಾಲಿಸಿಸ್‌ಗಾಗಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುವ ಜಾಗ. ಅದರ ಮೇಲೆ ಬೆರಳಿಟ್ಟರೆ ರಕ್ತ ಹರಿಯುವುದು ಗುಂಯ್ ಅಂತ ಗೊತ್ತಾಗುತ್ತದೆ. ನನ್ನ ಮೆಷಿನ್ನಿನ ಮೋಟಾರ್ ಮೇಲೆ ಕೈ ಇಟ್ಟ ಹಾಗೆಯೇ. ಆ ಸದ್ದು ನಿಂತರೆ ರಕ್ತ ಹೆಪ್ಪುಗಟ್ಟಿದೆ ಅಂತ ಅರ್ಥ, ತಕ್ಷಣ ಆಸ್ಪತ್ರೆಗೆ ಓಡಬೇಕು. ದಿನಾ ಬೆಳಿಗ್ಗೆ ಇವರು ಏಳುವ ಮುಂಚೆ ನಾನು ಅಲ್ಲಿ ಎರಡು ಬೆರಳಿಡುತ್ತೇನೆ. ಗುಂಯ್ ಅನ್ನುತ್ತದೆ. ‘ಸ್ತೋತ್ರ ಸ್ವಾಮಿ’ ಅನ್ನುತ್ತೇನೆ. ನನ್ನ ಬೆಳಗಿನ ಪ್ರಾರ್ಥನೆ ಈಗ ಇಷ್ಟೇ. ಉದ್ದದ ಪ್ರಾರ್ಥನೆಗಳು ನನ್ನಿಂದ ಆಗುತ್ತಿಲ್ಲ, ದೇವರಿಗೆ ಅದರಿಂದ ಬೇಸರ ಇಲ್ಲ ಅಂತ ಅಂದುಕೊಂಡಿದ್ದೇನೆ.

ಕೆಲವು ದಿನ ಶಕ್ತಿ ಬೇರೆಯವರ ಕೈಯಲ್ಲಿ ಬರುತ್ತದೆ. ಬೈಬಲಿನ ಎಲೀಯ ಪ್ರವಾದಿ ಸೋತು ಸುಣ್ಣವಾಗಿ ಕಾಡಿನ ಗಿಡವೊಂದರ ಕೆಳಗೆ ಬಿದ್ದುಕೊಂಡು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಬಿಡು ಅಂದ. ದೇವದೂತ ಬಂದು ಉಪದೇಶ ಮಾಡಲಿಲ್ಲ, ಬೈಯಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತಲೆಯ ಹತ್ತಿರ ಇಟ್ಟು, ಎದ್ದು ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ, ದಾರಿ ದೂರ ಇದೆ, ತಿನ್ನು ಅಂದ. ನಮ್ಮ ಎದುರು ಮನೆಯ ಅಕ್ಕ ಈ ಕಥೆ ಓದಿದವರಲ್ಲ. ಮನೆಯಲ್ಲಿ ಚಾಮುಂಡಿ ಫೋಟೋ ಇಟ್ಟು ಪೂಜೆ ಮಾಡುವವರು. ಡಯಾಲಿಸಿಸ್ ದಿನ ಸಂಜೆ ನಾವು ಬರುವಷ್ಟರಲ್ಲಿ ಒಂದು ಡಬ್ಬಿಯಲ್ಲಿ ಬಿಸಿ ಮುದ್ದೆ ಕಟ್ಟೆಯ ಮೇಲಿರುತ್ತದೆ. “ಉಂಡು ಮಲಗವ್ವಾ, ಮಾತು ನಾಳೆ ಆಡೋಣ” ಅಂತ ಬಾಗಿಲಲ್ಲೇ ತಿರುಗಿ ಹೋಗುತ್ತಾರೆ. ನನಗೆ ಅದೂ ಮನ್ನವೇ.

ತಾಳ್ಮೆ ಅನ್ನುವ ಮಾತು ಮೊದಲು ನನಗೆ ಇಷ್ಟವಿರಲಿಲ್ಲ. ‘ತಾಳಿದವನು ಬಾಳಿಯಾನು’ ಅಂತ ಬಂದವರೆಲ್ಲ ಹೇಳಿ ಹೋಗುವಾಗ, ಬಾಯಿ ಮುಚ್ಚಿಕೊಂಡಿರು ಅಂದ ಹಾಗೆ ಕೇಳಿಸುತ್ತಿತ್ತು. ಒಂದು ಭಾನುವಾರ ಫಾದರ್ ಪ್ರಬೋಧನೆಯಲ್ಲಿ, ಪೌಲ ರೋಮನರಿಗೆ ಬರೆದ ಪತ್ರದಲ್ಲಿರುವ ತಾಳ್ಮೆಗೆ ಗ್ರೀಕಿನಲ್ಲಿ ‘ಹುಪೊಮೊನೆ’ ಅಂತ ಇದೆ, ಭಾರದ ಕೆಳಗೆ ನಿಂತಿರುವುದು ಅಂತ ಅದರ ಅರ್ಥ ಅಂದರು. ನಿಂತಿರುವುದು. ಅಳುತ್ತಾ ನಿಂತಿರಬಹುದು, ಬೈಯುತ್ತಾ ನಿಂತಿರಬಹುದು. ಜಾಗ ಬಿಟ್ಟು ಹೋಗಿಲ್ಲ, ಅಷ್ಟೇ. ಅಂಥ ತಾಳ್ಮೆ ನನಗೂ ಇದೆ.

ಭರವಸೆಯ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಜನ ಬೇಸಿಗೆಯಲ್ಲಿ ಪೇಪರ್ ಬಿಡಿಸಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. 124.80 ಅಡಿಗೆ ಎಷ್ಟು ಕಮ್ಮಿ ಇದೆ ಅಂತ. ನನ್ನ ಮೊದಲಿನ ಭರವಸೆಯೂ ಹಾಗೇ ಇತ್ತು. ರಿಪೋರ್ಟಿನಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕದೆ ರಕ್ತದಲ್ಲಿ ಉಳಿದ ಕಸ, ಇಳಿದರೆ ದೇವರಿದ್ದಾನೆ, ಏರಿದರೆ ಇಲ್ಲ. ಆ ಭರವಸೆ ಬಿದ್ದು ಹೋಗಿದ್ದು ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಯಲ್ಲಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚು ಅದು. ಕೆಳಗೆ ಸಂತ ಫಿಲೋಮಿನಾ ಮಲಗಿರುವ ಪ್ರತಿಮೆ ಇದೆ. ಆಕೆಯ ಎಲುಬುಗಳು ಸಿಕ್ಕಿದ್ದು 1802ರಲ್ಲಿ, ರೋಮಿನ ನೆಲದಡಿಯ ಸ್ಮಶಾನದಲ್ಲಿ. ಗೋರಿ ಮುಚ್ಚಿದ ಸುಟ್ಟ ಮಣ್ಣಿನ ಹಂಚುಗಳ ಮೇಲೆ ಹೆಸರಿನ ಜೊತೆ ಕೆಲವು ಗುರುತು ಇದ್ದವು. ಅದರಲ್ಲಿ ಹಡಗನ್ನು ಹಿಡಿದು ನಿಲ್ಲಿಸುವ ಲಂಗರು ಒಂದು. ಮೊದಮೊದಲ ಕ್ರೈಸ್ತರು ಗೋರಿಗಳ ಮೇಲೆ ಲಂಗರು ಗೀಚುತ್ತಿದ್ದರು. ಭರವಸೆ ಅಂದರೆ ಆತ್ಮಕ್ಕೆ ಲಂಗರು ಇದ್ದ ಹಾಗೆ ಅಂತ ಬೈಬಲಿನಲ್ಲಿ ಹಿಬ್ರಿಯರಿಗೆ ಬರೆದ ಪತ್ರದಲ್ಲಿದೆ.

ಯೋಚಿಸಿ, ಅವರು ಅದನ್ನು ಗೀಚಿದ್ದು ಸತ್ತವರ ಗೋರಿಯ ಮೇಲೆ. ಗುಣವಾದವರ ಮನೆ ಬಾಗಿಲಿಗೆ ಅಲ್ಲ. ಆ ತಣ್ಣನೆಯ ಕೋಣೆಯಲ್ಲಿ ನಿಂತು ನಾನು ಮೊದಲ ಸಲ, ಇವರು ಗುಣವಾಗದೆ ಹೋದರೂ ನಾವಿಬ್ಬರೂ ಕ್ರಿಸ್ತನ ಕೈಯಲ್ಲೇ ಇರುತ್ತೇವೆ ಅಂತ ಹೇಳಿಕೊಂಡೆ. ಬಾಯಿಬಿಟ್ಟು ಹೇಳಿದೆ. ಗುಣವಾಗಲಿ ಅಂತ ಈಗಲೂ ಬೇಡುತ್ತೇನೆ, ದಿನಾ. ಆದರೆ ರಿಪೋರ್ಟ್ ತೆರೆಯುವಾಗ ಕೈ ಮೊದಲಿನಷ್ಟು ನಡುಗುವುದಿಲ್ಲ.

ಮೊನ್ನೆ ಒಬ್ಬ ಹುಡುಗಿ ಸೀರೆಗೆ ಫಾಲ್ ಹಾಕಿಸಲು ಬಂದಿದ್ದಳು. ಅದೇ ಪ್ರಶ್ನೆ ಕೇಳಿದಳು. ಆದರೆ ದನಿ ಬೇರೆ ಇತ್ತು. ಅವಳ ಅಮ್ಮನಿಗೆ ಮುಂದಿನ ವಾರದಿಂದ ಡಯಾಲಿಸಿಸ್ ಅಂತೆ. ಸ್ಟೂಲ್ ಹಾಕಿ ಕೂರಿಸಿದೆ. ಮನ್ನ, ಲಂಗರು ಏನೂ ಹೇಳಲಿಲ್ಲ. ಬಾಟಲಿ ತೋರಿಸಿದೆ, ಕಾಫಿ ಕೊಟ್ಟಾಗ ಲೆಕ್ಕ ಹೇಗೆ ಅಂತ ಹೇಳಿದೆ. ನಿಮ್ಮ ಅಮ್ಮನಿಗೆ ಎಷ್ಟು ಅಂತ ಡಾಕ್ಟರನ್ನೇ ಕೇಳಬೇಕು, ಒಬ್ಬೊಬ್ಬರಿಗೆ ಒಂದೊಂದು ಅಳತೆ ಅಂದೆ. ಒಳಗಿಂದ ಇವರು, “ಐಸ್ ತುಂಡು ಬಾಯಲ್ಲಿ ಇಟ್ಟುಕೊಂಡರೆ ದಾಹ ಸ್ವಲ್ಪ ಕಮ್ಮಿ ಆಗುತ್ತೆ, ಅದನ್ನೂ ಹೇಳು” ಅಂದರು. ಅವಳು ಕಣ್ಣೊರೆಸಿಕೊಂಡು, ಸೊಪ್ಪು ಬಸಿಯುವುದು ತೋರಿಸಿಕೊಡ್ತೀರಾ ಅಕ್ಕ, ಯಾವತ್ತು ಬರಲಿ ಅಂತ ಕೇಳಿದಳು. ಮಂಗಳವಾರ, ಗುರುವಾರ, ಶನಿವಾರ ಬಿಟ್ಟು ಯಾವತ್ತು ಬೇಕಾದರೂ ಬಾಮ್ಮ ಅಂದೆ.