ಹೀಟರ್ ಆಫ್ ಇದ್ದರೂ ಟ್ಯಾಂಕು ಕಾದದ್ದು ಹೇಗೆ?

ನಾನು ಯೀಸ್ಟ್ ಬೆಳೆಸುವ ಘಟಕದಲ್ಲಿ ಫರ್ಮೆಂಟರ್, ಅಂದರೆ ಯೀಸ್ಟ್ ಬೆಳೆಯುವ ಟ್ಯಾಂಕು, ನೋಡಿಕೊಳ್ಳುವವನು. ಸೇರಿದ ಹೊಸತರಲ್ಲಿ ಒಂದು ರಾತ್ರಿ ಪಾಳಿಯಲ್ಲಿ ಫಿಲ್ಟರ್ ತೊಳೆಯಲೆಂದು ಜಾಕೆಟ್ಟಿನ (ಟ್ಯಾಂಕನ್ನು ತಂಪಾಗಿಡಲು ಅದರ ಸುತ್ತ ಇರುವ ಹೊದಿಕೆಯ) ತಣ್ಣೀರಿನ ವಾಲ್ವ್ ಮುಚ್ಚಿದೆ, ಮತ್ತೆ ತೆರೆಯುವುದು ಮರೆತೇಹೋಯಿತು. 30 ಡಿಗ್ರಿಯಲ್ಲಿ ಇರಬೇಕಾದ ಟ್ಯಾಂಕು ಬೆಳಗಿನ ಹೊತ್ತಿಗೆ 41 ಮುಟ್ಟಿತ್ತು. ಬ್ಯಾಚ್ ಪೂರ್ತಿ ಹಾಳು.

ಬೈಸಿಕೊಂಡದ್ದು ಹಾಗಿರಲಿ, ತಲೆ ಕೊರೆದದ್ದು ಬೇರೆ. ಹೀಟರ್ ಆಫ್ ಇತ್ತು. ಈ ಬಿಸಿ ಬಂದದ್ದೆಲ್ಲಿಂದ? ಹಿರಿಯರೊಬ್ಬರನ್ನು ಕೇಳಿದರೆ, "ಅವು ಬೆಳೀತಾ ಇದ್ವಲ್ಲಪ್ಪ" ಎಂದು ಹೊರಟೇಹೋದರು.

ಎಂಟ್ರೊಪಿ ಎಂದರೆ ಅವ್ಯವಸ್ಥೆ, ಅದು ಹೆಚ್ಚುತ್ತಲೇ ಹೋಗುತ್ತದೆ ಎಂದು ಕಾಲೇಜಿನಲ್ಲಿ ಬರೆದು ಅಂಕ ಗಿಟ್ಟಿಸಿದವನು ನಾನು. ಹಾಗಿದ್ದರೆ ಒಂಟಿ ಕೋಶದಿಂದ ಮೀನು, ಮರ, ಮನುಷ್ಯ ಹೇಗಾದರು ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ. ಎಂಟ್ರೊಪಿ ಹೆಚ್ಚುತ್ತಲೇ ಹೋಗುತ್ತದೆ ಎಂಬ ಮಾತಿಗೊಂದು ಷರತ್ತಿದೆ: ಅದು ಏನೂ ಒಳಬಾರದ, ಏನೂ ಹೊರಹೋಗದ ವ್ಯವಸ್ಥೆಗೆ. ನಮ್ಮ ಟ್ಯಾಂಕಿಗೆ ಸಕ್ಕರೆ, ಗಾಳಿ ಬರುತ್ತವೆ. ಬಿಸಿ, ಇಂಗಾಲದ ಡೈಆಕ್ಸೈಡ್ ಹೋಗುತ್ತವೆ. ಯೀಸ್ಟ್ ಒಳಗೆ ಪ್ರೊಟೀನು, ಡಿಎನ್‌ಎ ಎಲ್ಲವನ್ನೂ ಅಚ್ಚುಕಟ್ಟಾಗಿ ಕಟ್ಟಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿನ ಎಂಟ್ರೊಪಿಯನ್ನು ಬಿಸಿಯ ಜೊತೆಗೆ ಹೊರಗೆ ದಬ್ಬುತ್ತದೆ. ನಾನು ಮುಚ್ಚಿದ್ದು ಆ ದಾರಿಯನ್ನೇ.

ಭೂಮಿಯ ಲೆಕ್ಕವೂ ಹೀಗೇ. ಸೂರ್ಯನಿಂದ ಬಂದಷ್ಟೇ ಶಕ್ತಿ ಹೆಚ್ಚುಕಡಿಮೆ ಬಾಹ್ಯಾಕಾಶಕ್ಕೆ ಮರಳುತ್ತದೆ. ಆದರೆ ಬರುವ ಒಂದು ಬೆಳಕಿನ ಫೋಟಾನ್‌ಗೆ (ಬೆಳಕಿನ ಕಣಕ್ಕೆ) ಹೋಗುವುದು ಕಣ್ಣಿಗೆ ಕಾಣದ, ಕಡಿಮೆ ಶಕ್ತಿಯ ಸುಮಾರು 20 ಇನ್‌ಫ್ರಾರೆಡ್ ಫೋಟಾನ್. ನೋಟು ಬಂದು ಚಿಲ್ಲರೆಯಾಗಿ ಹೋದಂತೆ. ಗಿಡ, ಅದನ್ನು ತಿಂದವರು, ನಾವು, ಎಲ್ಲರೂ ಬದುಕಿರುವುದು ಈ ನೋಟು ಮುರಿಸುವ ನಡುವೆ.

ಹಾಗಂತ ಎಂಟ್ರೊಪಿಯೇ ಜೀವವನ್ನು ಸಂಕೀರ್ಣವಾಗಿಸಿತು ಎನ್ನುವುದನ್ನು ನಾನು ಒಪ್ಪಲಾರೆ. ಬ್ಯಾಕ್ಟೀರಿಯಾಗಳು 300 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬಹುಪಾಲು ಒಂಟಿ ಕೋಶಗಳಾಗಿಯೇ ಆರಾಮಾಗಿವೆ. ಎಂಟ್ರೊಪಿಯ ನಿಯಮ ಅಡ್ಡ ಬರುವುದಿಲ್ಲ, ಅಷ್ಟೇ. ಯಾವುದು ಉಳಿಯಬೇಕು ಎನ್ನುವುದು ನೈಸರ್ಗಿಕ ಆಯ್ಕೆಗೆ ಬಿಟ್ಟದ್ದು. ಸಂಕೀರ್ಣ ಕೋಶಗಳ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ. ಎಂದೋ ಒಂದು ಕೋಶದೊಳಗೆ ಸೇರಿಕೊಂಡು ಅಲ್ಲೇ ನೆಲೆನಿಂತ ಬ್ಯಾಕ್ಟೀರಿಯಾದ ವಂಶ ಅದು. ಆಮ್ಲಜನಕವಿಲ್ಲದೆ ಒಂದು ಗ್ಲೂಕೋಸ್‌ನಿಂದ ಸಿಗುವುದು 2 ಎಟಿಪಿ, ಅಂದರೆ ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು. ಆಮ್ಲಜನಕವಿದ್ದು ಮೈಟೊಕಾಂಡ್ರಿಯವೂ ದುಡಿದರೆ ನಮ್ಮ ಕೋಶಗಳಿಗೆ ಸುಮಾರು 30. ಕೈತುಂಬ ಖರ್ಚಿಗಿದ್ದವರಷ್ಟೇ ದೊಡ್ಡ ಮನೆ ಕಟ್ಟಿಯಾರು. ಬಿಸಿಯ ಬಾಬ್ತು ಮಾತ್ರ ತಪ್ಪದು: ಸುಮ್ಮನೆ ಕೂತ ಮನುಷ್ಯನೂ ಸುಮಾರು 100 ವ್ಯಾಟ್ ಹೊರಚೆಲ್ಲುತ್ತಾನೆ.

ಈಗ ಹೊಸಬರಿಗೆ ಪಾಳಿ ಒಪ್ಪಿಸುವಾಗ ಪರದೆ ನೋಡುವ ಮೊದಲು ಜಾಕೆಟ್ಟಿನಿಂದ ನೀರು ಹೊರಬರುವ ಪೈಪನ್ನು ಮುಟ್ಟಿಸುತ್ತೇನೆ. ಒಳಹೋಗುವ ಪೈಪಿಗಿಂತ ಅದು ಬೆಚ್ಚಗಿರಬೇಕು. ಇಲ್ಲವೆಂದರೆ ಒಂದೋ ನೀರು ಹರಿಯುತ್ತಿಲ್ಲ, ಇಲ್ಲವೇ ಒಳಗೆ ಏನೂ ಬೆಳೆಯುತ್ತಿಲ್ಲ.